ಬಲಗಡೆಯ ಹೂವು

ಪೂಜಾರಿ ಗಂಗಯ್ಯನಿಗೆ ಬೀಡಿಯ ಚಟವಿರಲಿಲ್ಲ, ಇಸ್ಪೀಟಿನ ಚಟವೂ ಇರಲಿಲ್ಲ. ಇದ್ದದ್ದು ಒಂದೇ ಚಟ. ಯಾರು ಏನು ಕೇಳಿದರೂ "ಅಮ್ಮನ್ನ ಒಂದ್ ಮಾತು ಕೇಳ್ಬುಡಿ" ಎನ್ನುವುದು. ಹಸು ಮಾರುವುದೋ ಬೇಡವೋ, ಬೋರ್‌ವೆಲ್ ಎಲ್ಲಿ ಕೊರೆಸುವುದು, ಮುನಿಸಿಕೊಂಡು ಹೋದ ಸೊಸೆಯನ್ನು ಕರೆತರಲು ಯಾರು ಹೋಗುವುದು, ಎಲ್ಲಕ್ಕೂ ಅದೇ ಉತ್ತರ. ಹಾಗೆಂದುಬಿಟ್ಟರೆ ಯಾರ ನಿಷ್ಠುರವನ್ನೂ ಕಟ್ಟಿಕೊಂಡಂತಾಗುವುದಿಲ್ಲ ಎಂಬುದು ಅವನ ಉಪಾಯ. ಆ ಉಪಾಯ ಕೈಕೊಟ್ಟಿದ್ದು ಒಂದು ಗುರುವಾರ ಸಂಜೆ, ನಂಜಪ್ಪನ ಮನೆಯ ಮುಂದೆ.

ರಾಮನಾಥಪುರದ ಆಚೆ ಕಾವೇರಿ ದಂಡೆಯ ಆ ಊರಿನಲ್ಲಿ ನಂಜಪ್ಪನಷ್ಟು ಹೊಗೆಸೊಪ್ಪು ಬೆಳೆದು ಬ್ಯಾರನ್ನಿನ ಬೆಂಕಿಯಲ್ಲಿ ಒಣಗಿಸುವವರು ಇನ್ನೊಬ್ಬರಿಲ್ಲ. ಮಡುವಿನಮ್ಮನ ಗುಡಿ ಕಮಿಟಿಗೂ ಅವನೇ ಅಧ್ಯಕ್ಷ. ಗಂಗಯ್ಯ ದೀಪದ ಎಣ್ಣೆಯ ವಿಚಾರ ಮಾತಾಡಲು ಹೋದಾಗ ಆ ಮನೆಯಲ್ಲಿ ಜಗಳ ಬಿಸಿಯಾಗಿತ್ತು. ಮಗ ಮನು ಎಂಬಿಎ ಪ್ರವೇಶ ಪರೀಕ್ಷೆ ಬರೆದಿದ್ದ. ಮೈಸೂರಿನ ಒಂದು ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಶುಕ್ರವಾರ ಸಂಜೆಯೊಳಗೆ ಹೋಗಿ ಸೇರದಿದ್ದರೆ ಅದು ಬೇರೆಯವರ ಪಾಲು.

"ಬ್ಯಾರನ್ನು ಉರೀತಾ ಅದೆ, ಹರಾಜು ಸುರುವಾಗ್ಯದೆ, ಇವ್ನು ಎಂಬಿಎ ಮಾಡ್ತಾನಂತೆ! ಇಲ್ಲಿರೋ ಯಾಪಾರ ಯಾಪಾರ ಅಲ್ವೇನ್ಲಾ?" ಎಂದು ನಂಜಪ್ಪ ಕೂಗುತ್ತಿದ್ದ.

"ಓದ್ಲಿ ಬುಡಿ. ಆದ್ರೆ ಮೈಸೂರು ಬ್ಯಾಡ. ಆಸನದಲ್ಲೂ ಕಾಲೇಜದೆ, ಅಲ್ಲೂ ಸೀಟು ಕೊಡ್ತೀವಿ ಅಂದವ್ರೆ" ಎಂದು ಅವನ ಹೆಂಡತಿ ಜಯಲಕ್ಷ್ಮಮ್ಮ.

"ಮೈಸೂರು ಇಲ್ದಿದ್ರೆ ನಂಗೆ ಎಂಬಿಎನೇ ಬ್ಯಾಡ. ಬ್ಯಾರನ್ನೂ ಬ್ಯಾಡ. ಊಟಾನೂ ಬ್ಯಾಡ" ಎಂದು ಮನು.

ಮೂವರೂ ಒಟ್ಟಿಗೆ ಗಂಗಯ್ಯನ ಕಡೆ ತಿರುಗಿ, "ನೀನೇ ಯೋಳು" ಎಂದರು. ಗಂಗಯ್ಯನ ಬಾಯಿ ಅವನ ಅಪ್ಪಣೆಗೆ ಕಾಯಲಿಲ್ಲ.

"ಅಮ್ಮನ್ನ ಒಂದ್ ಮಾತು ಕೇಳ್ಬುಡಿ."

ಅಮ್ಮನನ್ನು ಕೇಳುವುದೆಂದರೆ ಹೂವು ಕೇಳುವುದು. ಎರಡು ಕಣಗಿಲೆ ಹೂವನ್ನು ನೀರಲ್ಲಿ ಅದ್ದಿ ಅಮ್ಮನ ಎರಡು ಭುಜಕ್ಕೆ ಅಂಟಿಸುತ್ತಾರೆ. ಪ್ರಶ್ನೆ ಇಟ್ಟು ಮಂಗಳಾರತಿ ಎತ್ತುತ್ತಾರೆ. ಯಾವ ಕಡೆಯ ಹೂವು ಮೊದಲು ಬೀಳುತ್ತದೋ ಅದೇ ಅಮ್ಮನ ಅಪ್ಪಣೆ. ನಂಜಪ್ಪ ಅಲ್ಲೇ ಕರಾರು ಮಾಡಿದ. ಬಲಗಡೆ ಬಿದ್ದರೆ ಮೈಸೂರು, ಎಡಗಡೆ ಬಿದ್ದರೆ ಹಾಸನ, ಕರ್ಪೂರ ಆರುವತನಕ ಯಾವುದೂ ಬೀಳದಿದ್ದರೆ ಎಂಬಿಎಯೂ ಇಲ್ಲ ಗಿಂಬಿಎಯೂ ಇಲ್ಲ. ನಾಳೆ ಮಧ್ಯಾಹ್ನಕ್ಕೆ ಪೂಜೆ.

ಗಂಗಯ್ಯ ಮನೆಗೆ ಬಂದರೆ ಮಗಳು ನೀಲಾಂಬಿಕೆ ಬಾಗಿಲಲ್ಲೇ ನಿಂತಿದ್ದಳು. ಅವಳೂ ಮನುವಿನ ಜೊತೆಯಲ್ಲೇ ಅದೇ ಪರೀಕ್ಷೆ ಬರೆದವಳು. ಅವಳಿಗೂ ಮೈಸೂರಿನಲ್ಲಿ ಸೀಟು ಸಿಕ್ಕಿತ್ತು, ಸ್ಕಾಲರ್‌ಶಿಪ್ಪೂ ಇತ್ತು, ಅವಳ ಗಡುವೂ ನಾಳೆ ಸಂಜೆಯೇ. ಗಂಗಯ್ಯನಿಗೆ ಮಗಳನ್ನು ಕಳಿಸುವ ಮನಸ್ಸಿರಲಿಲ್ಲ. ಹೊಳೆನರಸೀಪುರದಿಂದ ಸಿಮೆಂಟ್ ಅಂಗಡಿಯ ಹುಡುಗನೊಬ್ಬ ಭಾನುವಾರ ನೋಡಲು ಬರುವವನಿದ್ದ. ಆದರೆ ಮಗಳ ಮುಖ ನೋಡಿ 'ಬೇಡ' ಎನ್ನಲು ಅವನಿಗೆ ಧೈರ್ಯವಿರಲಿಲ್ಲ. ಅದಕ್ಕೇ ಅವಳು ಕೇಳಿದಾಗಲೆಲ್ಲ 'ಅಮ್ಮನ್ನ ಕೇಳಾಣ' ಎಂದು ದಿನ ತಳ್ಳುತ್ತ ಬಂದಿದ್ದ.

"ಮನೂಗೆ ನಾಳೆ ಹೂವು ಕೇಳ್ತೀರಂತೆ. ನನಗೆ ಯಾವತ್ತು ಅಪ್ಪಾ?"

"ಒಂದ್ ಹೂವಿಗೆ ಒಂದೇ ಪ್ರಶ್ನೆ ಕಣವ್ವ. ಅಮ್ಮಂಗೂ ಸುಸ್ತಾಯ್ತದೆ. ಶನಿವಾರ ನೋಡಾಣ."

"ಶನಿವಾರಕ್ಕೆ ಸೀಟೇ ಇರಲ್ಲ."

"ಅದೂ ಅಮ್ಮನ ಚಿತ್ತ" ಎಂದು ಗಂಗಯ್ಯ ಒಳಕ್ಕೆ ನುಸುಳಿಕೊಂಡ. ನಾಳೆ ಒಂದು ದಿನ ಕಳೆದರೆ ಸಾಕು, ಮಗಳ ಮುಂದೆ ತಾನು ಕೆಟ್ಟವನಾಗದೆಯೇ ಕೆಲಸ ಮುಗಿಯುತ್ತದೆ ಎಂದು ಅವನ ಜೀವ ತಣ್ಣಗಾಯಿತು.

ಶುಕ್ರವಾರ ಬೆಳಿಗ್ಗೆ ಗುಡಿಯ ಬಾಗಿಲು ತೆಗೆದು ಗಂಟೆ ಬಾರಿಸುವಷ್ಟರಲ್ಲೇ ನಂಜಪ್ಪ ಬಂದು ಕಂಬಕ್ಕೆ ಒರಗಿದ.

"ಗಂಗಯ್ಯ, ಮನೆಮಗ ಬ್ಯಾರನ್ ಬುಟ್ಟು ಓದ್ರೆ ನನ್ ಗತಿಯೇನು? ಹೂವು ಬೀಳ್‌ಬಾರ್ದು. ಎಡಕ್ಕೂ ಬ್ಯಾಡ, ಬಲಕ್ಕೂ ಬ್ಯಾಡ."

"ಅದು ಅಮ್ಮನ ಚಿತ್ತ ಗೌಡ್ರೆ. ನಂದೇನದೆ?"

"ಅಮ್ಮನ ಚಿತ್ತವೇ ಸೈ. ಚನ್ನರಾಯಪಟ್ಟಣದ ಕಡೆ ಮಂಚಯ್ಯ ಅಂತ ಒಬ್ಬ ಪೂಜಾರಿ ಅವ್ನೆ. ಸ್ವಂತ ಮೈಕ್ ಸೆಟ್ಟು ಮಡಗವ್ನೆ. ಅವನ್ನ ಕರ್ಸ್ಕೊಳ್ಳಾಣ ಅಂತ ಕಮಿಟಿಯೋರು ನನ್ ಕಿವಿ ತಿಂತಾವ್ರೆ. ನಾನೇ ತಡ್ಕೊಂಡಿವ್ನಿ."

ಈ ಗುಡಿ ಬಿಟ್ಟರೆ ಗಂಗಯ್ಯನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಅವನ ಅಪ್ಪನಿಗೂ ಗೊತ್ತಿರಲಿಲ್ಲ. "ಆಯ್ತು ಗೌಡ್ರೆ" ಎಂದುಬಿಟ್ಟ.

ನಂಜಪ್ಪ ಹೋದ ಮೇಲೆ ಜಯಲಕ್ಷ್ಮಮ್ಮ ಅಭಿಷೇಕದ ಹಾಲು ಹಿಡಿದು ಬಂದಳು.

"ಗಂಗಣ್ಣ, ಮೈಸೂರಿಗೋದ್ರೆ ನನ್ ಮಗ ಮೂರೊತ್ತೂ ನೂಡಲ್ಸ್ ತಿಂದು ಕಡ್ಡಿ ಆಯ್ತಾನೆ. ಆಸನ ಆದ್ರೆ ಬೆಳಗ್ಗೆ ಬಸ್ಸು, ಸಂಜೆ ಮನೇಲಿ ಮುದ್ದೆ. ಎಡಗಡೆ ಹೂವು. ತಿಳೀತಾ?"

"ಅಮ್ಮನ ಚಿತ್ತ ತಾಯಿ..."

"ನಿನ್ ಮಗಳನ್ನ ನೋಡೋಕೆ ಬರ್ತಾನಲ್ಲ ಸಿಮೆಂಟ್ ಅಂಗಡಿ ಹುಡ್ಗ, ಅವ್ರಿಗೆ ಯೋಳಿ ಒಪ್ಸಿರೋಳು ನಾನು. ಒಂದ್ ಫೋನ್ ಮಾಡಿದ್ಕೆ ಬರ್ತಾ ಅವ್ರೆ. ಇನ್ನೊಂದ್ ಫೋನ್ ಮಾಡಿದ್ರೆ ಬರಕಿಲ್ಲ."

"ಆಯ್ತು ತಾಯಿ" ಎಂದ ಗಂಗಯ್ಯ. ಹಾಲಿನ ಚೊಂಬು ಇಸಿದುಕೊಳ್ಳುವ ಗಡಿಬಿಡಿಯಲ್ಲಿ ಅರ್ಧ ಹಾಲು ಅಮ್ಮನಿಗಿಂತ ಮೊದಲೇ ಅವನ ಪಂಚೆಗೆ ಅಭಿಷೇಕವಾಯಿತು.

ಪಂಚೆ ಹಿಂಡಿಕೊಳ್ಳುತ್ತಿರುವಾಗ ಮನುವಿನ ಬೈಕು ಬಂದು ನಿಂತಿತು. ಅವನು ನೇರ ಒಳಗೆ ಬಂದ. ಫೋನು ತೆಗೆದು ಒಂದು ಫೋಟೋ ತೋರಿಸಿದ. ಹೊಳೆನರಸೀಪುರದ ಬಸ್ ಸ್ಟ್ಯಾಂಡಿನ ಹತ್ತಿರದ ಮಿಲ್ಟ್ರಿ ಹೋಟೆಲು. ಹಣೆಯ ತುಂಬ ಕುಂಕುಮವಿಟ್ಟುಕೊಂಡ ಒಬ್ಬ ಮನುಷ್ಯ ಕೋಳಿಯ ಕಾಲನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿ ತಿನ್ನುತ್ತಿದ್ದಾನೆ. ಹಿಂದಿನ ಬೋರ್ಡಿನ ಮೇಲೆ 'ಶುಕ್ರವಾರದ ಸ್ಪೆಷಲ್, ನಾಟಿ ಕೋಳಿ ಸಾರು' ಎಂದು ಬರೆದಿದೆ. ಮಂಗಳವಾರ, ಶುಕ್ರವಾರ ಮೊಟ್ಟೆಯ ನೆರಳನ್ನೂ ಸೋಕಿಸಿಕೊಳ್ಳುವುದಿಲ್ಲವೆಂದು ಊರಿಗೆಲ್ಲ ಹೇಳಿಕೊಂಡು ತಿರುಗುವ ಗಂಗಯ್ಯನೇ ಅವನು.

"ಅವತ್ತು ಹಸಿವು ಕಣಪ್ಪಾ. ಬಸ್ಸು ತಡ ಆಗಿತ್ತು" ಎಂದ ಗಂಗಯ್ಯ ಅಳುವ ದನಿಯಲ್ಲಿ.

"ನಂಗೇನೂ ಇಲ್ಲ ಗಂಗಣ್ಣ. ಚೆಂದಾಗ್ ತಿಂದಿದೀಯ. ಬಲಗಡೆ ಹೂವು ಬಿದ್ರೆ ಫೋಟೋ ಡಿಲೀಟು. ಬೀಳ್ದಿದ್ರೆ ಊರಿನ ವಾಟ್ಸಪ್ ಗ್ರೂಪಿಗೆ."

"ಆಯ್ತಪ್ಪಾ" ಎಂದ ಗಂಗಯ್ಯ. ಇಲ್ಲ ಎನ್ನುವ ಪದವನ್ನು ಅವನಿಗೆ ಯಾರೂ ಚಿಕ್ಕಂದಿನಲ್ಲಿ ಕಲಿಸಿದಂತಿರಲಿಲ್ಲ.

ಮೂವರಿಗೂ ಮಾತು ಕೊಟ್ಟ ಮೇಲೆ ಅವನು ಅಮ್ಮನ ಎದುರು ಕುಕ್ಕರಗಾಲಲ್ಲಿ ಕೂತು ಯೋಚಿಸಿದ. ಬಲಗಡೆ ಬಿದ್ದರೆ ಕೆಲಸ ಹೋಯಿತು, ಸಂಬಂಧ ಹೋಯಿತು. ಎಡಗಡೆ ಬಿದ್ದರೆ ಕೆಲಸ ಹೋಯಿತು, ಮಾನ ಹೋಯಿತು. ಬೀಳದೇ ಇದ್ದರೆ ಕೆಲಸವಾದರೂ ಉಳಿಯುತ್ತದೆ. ಮಾನ ಹೋದರೂ ಊಟ ಇಳಿಯುತ್ತದೆ, ಕೆಲಸ ಹೋದರೆ ಇಳಿಸಲು ಊಟವೇ ಇರುವುದಿಲ್ಲ ಎನಿಸಿತು. ಹೂವು ಬೀಳಬಾರದು ಎಂದು ತೀರ್ಮಾನಿಸಿದ.

ನೀರಿನ ಮೇಲೆ ನಂಬಿಕೆ ಇಡುವಂತಿರಲಿಲ್ಲ. ಒಂದು ಗಾಳಿ ಬೀಸಿದರೆ ಮುಗಿಯಿತು. ಗಂಗಯ್ಯ ಮನೆಗೆ ಓಡಿದ.

"ನೀಲಾ, ಒಂದೀಟು ಮೈದಾ ಅಂಟು ಕಾಯ್ಸಿ ಕೊಡವ್ವ. ಗಟ್ಟಿಯಾಗಿರ್ಲಿ."

"ಯಾಕಪ್ಪಾ?"

"ಗುಡಿ ಗೋಡೆಗೆ... ಪೋಸ್ಟರ್ರು."

ನೀಲಾಂಬಿಕೆ ಅಪ್ಪನ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಒಲೆ ಹಚ್ಚಿದಳು.

ಗಂಗಯ್ಯ ಗರ್ಭಗುಡಿಯ ಪರದೆ ಎಳೆದುಕೊಂಡು, ಹೂವಿನ ಬೆನ್ನಿಗೆ ಅಂಟು ಬಳಿದು ಅಮ್ಮನ ಎರಡು ಭುಜಕ್ಕೂ ಒತ್ತಿದ. ಇಂಥ ಕೆಲಸ ಅವನು ಎಂದೂ ಮಾಡಿದವನಲ್ಲ. ಅಮ್ಮನ ಬೆಳ್ಳಿ ಕಣ್ಣುಗಳು ನೆಟ್ಟಗೆ ಅವನನ್ನೇ ನೋಡುತ್ತಿದ್ದವು. ಹೆದರಿಕೆಯಾಗಿ, "ತಪ್ಪು ನಂದಲ್ಲ ತಾಯಿ, ನಂಜಪ್ಪಂದು" ಎಂದು ಗಲ್ಲ ಬಡಿದುಕೊಂಡು ಹೊಳೆಗೆ ಮೀಯಲು ಹೋದ. ಅವನು ಹೋಗುವಾಗ ನೀಲಾಂಬಿಕೆ ದೀಪದ ಕಂಬಗಳನ್ನು ತಿಕ್ಕಲು ಹುಣಸೆಹಣ್ಣು ಹಿಡಿದು ಗುಡಿಯ ಒಳಗೆ ಬಂದಳು. ಪ್ರತಿ ಶುಕ್ರವಾರ ಅದು ಅವಳದೇ ಕೆಲಸವಾದ್ದರಿಂದ ಗಂಗಯ್ಯ ಏನೂ ಹೇಳಲಿಲ್ಲ.

ಮಧ್ಯಾಹ್ನಕ್ಕೆ ಗುಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಬ್ಬ ಹುಡುಗ ಎಲ್ಲಿ ಓದಬೇಕು ಎಂಬುದು ಊರಿನ ಪ್ರಶ್ನೆಯಾಗಿಬಿಟ್ಟಿತ್ತು. ಹೊರಗೆ ನಂಜಪ್ಪನ ಕಾರು ಡ್ರೈವರ್ ಸಮೇತ ತಯಾರಾಗಿ ನಿಂತಿತ್ತು, ಅಕಸ್ಮಾತ್ ಮೈಸೂರಿಗೆ ಅಪ್ಪಣೆಯಾದರೆ ಇರಲಿ ಎಂದು ಮನುವೇ ತರಿಸಿದ್ದ. ಬಸ್ ಕಂಡಕ್ಟರಾಗಿ ನಿವೃತ್ತನಾದ ಬೋರಪ್ಪ ಎಲ್ಲರಿಗೂ ವಿವರಿಸುತ್ತಿದ್ದ.

"ಆಸನದ ಕಾಲೇಜೇ ಬೆಸ್ಟು. ಅರಕಲಗೂಡಲ್ಲಿ ಬಸ್ಸತ್ತಿದ್ರೆ ಕಾಲೇಜು ಗೇಟಲ್ಲೇ ಇಳೀಬೌದು. ಮೈಸೂರಲ್ಲಿ ಸಿಟಿ ಬಸ್ಸು ಬದ್ಲಾಯಿಸ್ಬೇಕು."

"ಕಾಲೇಜಲ್ಲಿ ಪಾಠ ಎಂಗಂತೆ?" ಎಂದು ಯಾರೋ ಕೇಳಿದರು.

"ಅದು ಗೊತ್ತಿಲ್ಲ. ಸ್ಟಾಪು ಸಖತ್ತಾಗದೆ" ಎಂದ ಬೋರಪ್ಪ.

ಗಂಗಯ್ಯ ಪರದೆ ಸರಿಸಿದ. ಎರಡು ಭುಜದ ಮೇಲೂ ಕೆಂಪು ಕಣಗಿಲೆ ಭದ್ರವಾಗಿ ಕೂತಿದ್ದವು. ಪ್ರಶ್ನೆ ಇಟ್ಟು, ತಟ್ಟೆಯ ಮೇಲೆ ಕಡಲೆಬೇಳೆಯಷ್ಟು ಕರ್ಪೂರ ಹಾಕಿದ. ಬೇಗ ಆರಲಿ ಎಂದು ಅವನ ಆಸೆ.

"ಇದೇನ್ ಗಂಗಯ್ಯ, ಎಂಬಿಎ ಪ್ರಶ್ನೆಗೆ ಇಷ್ಟೇಯಾ?" ಎಂದ ಬೋರಪ್ಪ, ತನ್ನ ಜೇಬಿನ ಪೊಟ್ಟಣವನ್ನು ಪೂರ್ತಿ ತಟ್ಟೆಗೆ ಸುರಿದ. ಜ್ವಾಲೆ ಗಂಗಯ್ಯನ ಹುಬ್ಬಿನವರೆಗೂ ಎದ್ದಿತು.

ಗಂಟೆ, ಜಾಗಟೆ ಬಡಿಯತೊಡಗಿದವು. ನಂಜಪ್ಪ ಮೀಸೆಯ ತುದಿ ಹಿಡಿದು ನಿಂತಿದ್ದ. ಜಯಲಕ್ಷ್ಮಮ್ಮ ಕಣ್ಣು ಮುಚ್ಚಿ ಎಡ, ಎಡ ಎಂದು ತುಟಿ ಆಡಿಸುತ್ತಿದ್ದಳು. ಮನು ಫೋನನ್ನು ಎದೆಯ ಹತ್ತಿರ ಹಿಡಿದು ಗಂಗಯ್ಯನಿಗೆ ಕಾಣುವಂತೆ ಅಲ್ಲಾಡಿಸಿದ. ಗಂಗಯ್ಯನ ಹಣೆಯಿಂದ ಬೆವರು ಇಳಿದು ಕರ್ಪೂರದ ತಟ್ಟೆಗೇ ತೊಟ್ಟಿಕ್ಕುತ್ತಿತ್ತು. ಒಂದು ಕೈ ಸೋತು ಇನ್ನೊಂದು ಕೈಗೆ ತಟ್ಟೆ ಬದಲಾಯಿಸಿದ. ಹೂವುಗಳು ಅಲ್ಲಾಡಲಿಲ್ಲ. ಕರ್ಪೂರ ಕರಗಿ ಜ್ವಾಲೆ ಕುಗ್ಗುತ್ತ ಬಂತು. ಇನ್ನೇನು ಆರಿತು, ಬದುಕಿದೆ ಎಂದು ಅವನು ಉಸಿರು ಬಿಡುವ ಹೊತ್ತಿಗೆ ಬಲಭುಜದ ಹೂವು ಒಂದು ಎಸಳಿನಷ್ಟು ಬಾಗಿತು. ಮೆಲ್ಲಗೆ ಓರೆಯಾಯಿತು. ಅಮ್ಮನ ಕೈಮೇಲಿನಿಂದ ಜಾರಿ ಪಾದದ ಬಳಿ ಬಿತ್ತು.

"ಬಲಗಡೆ! ಮೈಸೂರು!" ಎಂದು ಮನು ಕುಣಿದ.

ಜಯಲಕ್ಷ್ಮಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ನಂಜಪ್ಪ ಜೋರು ಮಾಡಲಿಲ್ಲ. ಗಂಗಯ್ಯನ ಕಿವಿಯ ಹತ್ತಿರ ಬಂದು, "ಮಂಚಯ್ಯನ ಮೈಕ್ ಸೆಟ್ಟು ಬೋ ಚೆನ್ನಾಗದಂತೆ" ಎಂದಷ್ಟೇ ಅಂದ.

ಗಂಗಯ್ಯನಿಗೆ ತಲೆ ಗಿರ್ರೆಂದಿತು. ಅಷ್ಟು ಗಟ್ಟಿ ಅಂಟು ಬಿಟ್ಟಿದ್ದು ಹೇಗೆ ಎಂದು ಯೋಚಿಸಲೂ ಸಮಯವಿರಲಿಲ್ಲ. ಬಾಯಿಗೆ ಬಂದದ್ದನ್ನು ಕೂಗಿಬಿಟ್ಟ.

"ತಡೀರಿ! ಈ ಹೂವು ಮನೂಂದಲ್ಲ!"

ಜಾಗಟೆ ನಿಂತಿತು.

"ಒಂದ್ ಹೂವಿಗೆ ಒಂದೇ ಪ್ರಶ್ನೆ. ಇಲ್ಲಿ ಯಾರೋ ಮನಸ್ಸಲ್ಲೇ ಇನ್ನೊಂದು ಪ್ರಶ್ನೆ ಮಡಗವ್ರೆ. ಮನೂಗಿಂತ ಮುಂಚೆ ಮಡಗವ್ರೆ. ಅಮ್ಮ ಅವ್ರಿಗೆ ಹೂವು ಕೊಟ್ಟವ್ಳೆ. ಯಾರು ಅಂತ ಒಪ್ಕೊಂಡ್‌ಬುಡಿ, ಮನೂಗೆ ಇನ್ನೊಂದ್ ಹೂವು ಮಡಗಾಣ."

ಹೀಗೆಂದು ಅವನು ಹೆಂಡತಿ ಪುಟ್ಟತಾಯಮ್ಮನ ಕಡೆ ನೋಡಿ ಕಣ್ಣು ಹೊಡೆದ. ಹಸು ಯಾವಾಗ ಈಯುತ್ತದೆ ಎಂದು ಕೇಳಿದೆ ಅಂತಲೋ ಏನೋ ಒಂದು ಹೇಳಲಿ ಎಂದು. ಪುಟ್ಟತಾಯಮ್ಮ ಗಾಬರಿಯಾದಳು.

"ಕಣ್ಣಿಗೇನ್ ಬಿತ್ತು? ಕರ್ಪೂರದ ಕಿಡಿಯಾ?"

ಗಂಗಯ್ಯ ಇನ್ನೊಂದು ಕಣ್ಣನ್ನೂ ಹೊಡೆದ.

"ಅಯ್ಯೋ, ಎರಡ್ಕೂ ಬಿದ್ದದೆ! ಯಾರಾದ್ರೂ ನೀರ್ ತನ್ನಿ!"

ಆಗ ಹೆಂಗಸರ ಸಾಲಿನಿಂದ ನೀಲಾಂಬಿಕೆ ಮುಂದೆ ಬಂದಳು.

"ನಾನಪ್ಪಾ. ನಾನು ಕೇಳ್ದೆ."

ಗಂಗಯ್ಯನಿಗೆ ಸಂತೋಷವಾಯಿತು. ಹೆಂಡತಿಗಿಲ್ಲದ ಸೂಕ್ಷ್ಮ ಮಗಳಿಗಿದೆ ಎಂದುಕೊಂಡ.

"ನೋಡಿದ್ರಾ! ಏನ್ ಕೇಳ್ದೆ ಯೋಳವ್ವ. ಎಲ್ರಿಗೂ ಕೇಳಂಗೆ ಯೋಳು."

"ಬಲಗಡೆ ಬಿದ್ರೆ ಮೈಸೂರಿಗೆ ಹೋಗಿ ಎಂಬಿಎ ಸೇರ್ಕೊಳ್ತೀನಿ ಅಂತ ಕೇಳ್ದೆ. ಅಮ್ಮನ್ನ ಕೇಳಾಣ, ಅಮ್ಮನ್ನ ಕೇಳಾಣ ಅಂತ ನೀವು ದಿನಾ ಹೇಳ್ತಿದ್ರಲ್ಲ. ಕೇಳ್ದೆ. ಕೊಟ್ಟಳು."

ಮೊದಲು ಚೇತರಿಸಿಕೊಂಡವನು ನಂಜಪ್ಪ. ಹೂವು ಮಗನದಲ್ಲ ಎಂದಾದ ಕೂಡಲೇ ಅವನಿಗೆ ಎಲ್ಲಿಲ್ಲದ ಭಕ್ತಿ ಉಕ್ಕಿತು.

"ಆಹಾ! ಪೂಜಾರಿ ಮಗಳಿಗೇ ಅಮ್ಮ ಅಪ್ಪಣೆ ಕೊಟ್ಟವ್ಳೆ ಅಂದ್ರೆ ಸಾಮಾನ್ಯವಾ? ಕಾರು ನಿಂತದೆ. ಈಗ್ಲೇ ಹೊರಡವ್ವ. ನನ್ ಡ್ರೈವರ್ರೇ ಬುಟ್ಟು ಬತ್ತಾನೆ."

"ಗೌಡ್ರೆ, ಎಣ್ ಮಗ... ಇನ್ನೊಂದ್ ಸಲ ಕೇಳಾಣ..." ಎಂದ ಗಂಗಯ್ಯ.

"ಯಾಕ್ಲಾ? ಅಮ್ಮನ ಮಾತಿನ ಮೇಲೆ ಪೂಜಾರಿಗೇ ನಂಬ್ಕೆ ಇಲ್ವಾ?"

ಊರೆಲ್ಲ ಅವನನ್ನೇ ನೋಡುತ್ತಿತ್ತು. ಅಂಟಿನ ವಿಷಯ ಹೇಳದೆ ಆ ಹೂವನ್ನು ಅಲ್ಲಗಳೆಯುವ ದಾರಿಯಿರಲಿಲ್ಲ. ನೀಲಾಂಬಿಕೆ ಬ್ಯಾಗು ತರಲು ಮನೆಯ ಕಡೆ ಓಡಿದಳು. ಅದು ಮೊದಲೇ ತುಂಬಿ ಇಟ್ಟಿದ್ದ ಬ್ಯಾಗು.

ಮನುವಿಗೆ ಇನ್ನೊಂದು ಹೂವು ಇಡಬೇಕಾಯಿತು. ಗಂಗಯ್ಯ ಪರದೆ ಎಳೆದು, ಉಳಿದ ಅಂಟನ್ನೆಲ್ಲ ಬಳಿದು ಒತ್ತಿದ. ಮತ್ತೆ ಮಂಗಳಾರತಿ, ಮತ್ತೆ ಜಾಗಟೆ. ಈ ಸಲ ಎರಡು ಹೂವೂ ಗಾರೆಯಲ್ಲಿ ಕೂತ ಕಲ್ಲಿನಂತೆ ಕೂತಿದ್ದವು. ಕರ್ಪೂರ ಆರಿತು. ನಂಜಪ್ಪ ಮೀಸೆಯ ಮೇಲೆ ಕೈಯಾಡಿಸಿ, "ಮುಗೀತು. ನಡೀಲಾ ಬ್ಯಾರನ್‌ಗೆ" ಎಂದ.

"ಏನ್ ಮುಗೀತು?" ಎಂದಳು ಜಯಲಕ್ಷ್ಮಮ್ಮ. ದನಿ ಕೇಳಿಯೇ ನಾಲ್ಕು ಜನ ಹಿಂದೆ ಸರಿದರು. "ಪೂಜಾರಿ ಮಗ್ಳು ಓದ್ಬೇಕು, ನನ್ ಮಗ ಬೆಂಕಿ ಮುಂದೆ ಕೂರ್ಬೇಕಾ? ಅಮ್ಮ ಓಗು ಅನ್ಲಿಲ್ಲ, ಸರಿ. ಬ್ಯಾಡ ಅಂತ ಬಾಯ್ಬುಟ್ಟು ಅಂದ್ಲಾ? ನಡೀಲಾ ಮನು, ಅರಕಲಗೂಡಿಂದ ಬಸ್ಸತ್ತಾಣ. ಇವತ್ತೇ ಆಸನದಲ್ಲಿ ಸೇರಿಸ್ತೀನಿ."

ಆ ದನಿಗೆ ಎದುರಾಡಿ ನಂಜಪ್ಪನಿಗೆ ಅಭ್ಯಾಸವಿರಲಿಲ್ಲ. ಅವಳು ಅಲ್ಲಿಗೇ ನಿಲ್ಲಿಸಲಿಲ್ಲ. ಎಡಗಡೆ ಹೂವಿನ ಕೋಪ ಇನ್ನೂ ಬಾಕಿಯಿತ್ತು. ಫೋನು ತೆಗೆದು ಹೊಳೆನರಸೀಪುರಕ್ಕೆ ಹಚ್ಚಿ, "ಭಾನುವಾರ ಬರ್ಬ್ಯಾಡಿ. ಹುಡ್ಗಿ ಎಂಬಿಎ ಓದೋಕೆ ಓಯ್ತಾ ಅವ್ಳೆ" ಎಂದು ಗಂಗಯ್ಯನ ಎದುರಿಗೇ ಹೇಳಿ ಇಟ್ಟಳು.

ಮೈಸೂರು ತಪ್ಪಿ ಮುದ್ದೆಗೆ ಗಂಟುಬಿದ್ದ ಮನು ಗಂಗಯ್ಯನನ್ನು ಒಮ್ಮೆ ದುರುಗುಟ್ಟಿ ನೋಡಿದ. ಹೆಬ್ಬೆರಳಿನಿಂದ ಫೋನು ಒತ್ತಿದ. ಗುಡಿಯ ತುಂಬ ಒಂದಾದ ಮೇಲೊಂದು ಜೇಬು 'ಟಿಣ್' ಎಂದವು. ಜನ ಕನ್ನಡಕ ಹುಡುಕಿ ನೋಡಿದರು.

"ಇದು ಆ ಮಿಲ್ಟ್ರಿ ಹೋಟ್ಲು ಅಲ್ವಾ? ಬಸ್ ಸ್ಟ್ಯಾಂಡಿಂದ ಎಡಕ್ಕೆ" ಎಂದ ಬೋರಪ್ಪ. "ಗಂಗಯ್ಯ, ಶುಕ್ರವಾರ?"

ನಂಜಪ್ಪನಿಗೆ ಹೆಂಡತಿಯ ಮೇಲೆ ತೀರಿಸಿಕೊಳ್ಳಲಾಗದ ಸಿಟ್ಟೆಲ್ಲ ಒಂದು ದಾರಿ ಕಂಡಿತು. "ಕೋಳಿ ತಿನ್ನೋ ಕೈಲಿ ಅಮ್ಮಂಗೆ ಹೂವಾ? ನಾಳೆಯಿಂದ ಮಂಚಯ್ಯ ಬತ್ತಾನೆ!" ಎಂದು ಗುಡುಗಿದ.

ಕೆಲಸ, ಸಂಬಂಧ, ಮಾನ ಮೂರೂ ಹೋದ ಮೇಲೆ ಗಂಗಯ್ಯನ ತಲೆಯಲ್ಲಿ ಒಂದು ಬೆಳಕು ಮೂಡಿತು. ಮಗಳಾದರೂ ಉಳಿಯಬಹುದಲ್ಲ! ಎರಡು ಕೈಯನ್ನೂ ಮೇಲೆತ್ತಿದ.

"ನಿಜ ಗೌಡ್ರೆ! ನಾನು ಕೋಳಿ ತಿಂದಿವ್ನಿ! ಒಂದ್ಸಲ ಅಲ್ಲ, ಬಾಳ ಸಲ ತಿಂದಿವ್ನಿ! ನನ್ ಕೈ ಮೈಲಿಗೆ. ನಾನು ಮಡಗಿದ್ ಹೂವು ಸಲ್ಲಕಿಲ್ಲ. ನೀಲಾ ಓಗಂಗಿಲ್ಲ!"

"ಹೂವು ಕೊಟ್ಟಿದ್ದು ನೀನಾ, ಅಮ್ಮನಾ?" ಎಂದಳು ಜಯಲಕ್ಷ್ಮಮ್ಮ.

"ಅಮ್ಮನೇ!" ಎಂದಿತು ಇಡೀ ಗುಡಿ.

ಗಂಗಯ್ಯ ಕಾರಿನ ಬಳಿ ಬರುವಷ್ಟರಲ್ಲಿ ಮಗಳು ಒಳಗೆ ಕೂತಾಗಿತ್ತು. ಪುಟ್ಟತಾಯಮ್ಮ ಚಕ್ಕುಲಿಯ ಡಬ್ಬ ಕೊಟ್ಟು ಕಣ್ಣೊರೆಸಿಕೊಳ್ಳುತ್ತಿದ್ದಳು. ಗಂಗಯ್ಯನಿಗೂ ಅಳು ಬಂತು. ಆದರೆ ಅಳುವಿನ ನಡುವೆ ಒಂದು ಬೆರಗೂ ಇತ್ತು. ಮೊದಲ ಸಲ ಹೂವು ಬಿದ್ದದ್ದು ಅಷ್ಟು ಗಟ್ಟಿ ಅಂಟನ್ನು ಬಿಡಿಸಿಕೊಂಡು. ಎರಡನೆಯ ಸಲ ಅದೇ ಅಂಟು, ಹೂವು ಬೀಳಲೇ ಇಲ್ಲ. ಹಾಗಾದರೆ ನಿಜವಾಗಿಯೂ ಅಮ್ಮನೇ ಮಗಳಿಗೆ ಕೊಟ್ಟಳೆ? ಇಷ್ಟು ವರ್ಷ ಗಂಟೆ ಬಾರಿಸಿದ್ದು ಖಾಲಿ ಕಲ್ಲಿಗಲ್ಲವೆ? ಅವನ ಮೈಮೇಲೆ ರೋಮ ನಿಂತಿತು. ಎಲ್ಲ ಹೋದರೂ ಇದೊಂದು ಉಳಿಯಿತು ಎಂದು ಕೈಮುಗಿಯಲು ಹೊರಟವನು ಕಾರಿನ ಕಿಟಕಿಯ ಅಂಚನ್ನು ಹಿಡಿದಿದ್ದ ಮಗಳ ಕೈ ನೋಡಿದ. ಉಗುರಿನ ಸಂದಿಯಲ್ಲಿ ಬೆಳ್ಳಗೆ ಏನೋ ಒಣಗಿತ್ತು, ಅದಕ್ಕೊಂದು ಕೆಂಪು ಎಸಳಿನ ಚೂರು ಅಂಟಿತ್ತು. ಹುಣಸೆಹಣ್ಣು ಬೆಳ್ಳಗಿರುವುದಿಲ್ಲ.

"ನೀಲಾ..." ಗಂಗಯ್ಯ ಕಿಟಕಿಗೆ ಬಗ್ಗಿದ. "ನೀಲಾ, ಬಲಗಡೆ ಹೂವು ನೀನೇನಾದ್ರೂ ಮುಟ್ಟಿದ್ದೇನವ್ವಾ?"

ನೀಲಾಂಬಿಕೆ ಕಿಟಕಿಯಿಂದಲೇ ಅಪ್ಪನ ಪಾದದ ಕಡೆ ಕೈ ಚಾಚಿ ಕಣ್ಣಿಗೊತ್ತಿಕೊಂಡಳು.

"ಅಮ್ಮನ್ನ ಒಂದ್ ಮಾತು ಕೇಳ್ಬುಡಿ ಅಪ್ಪಾ" ಎಂದಳು. ಕಾರು ಹೊರಟಿತು.